ಊರು ಗೊತ್ತಿಲ್ಲದೆ ಹೇಳಿಬರಲು ಹೋದದ್ದು

ವಿಜಯಪುರದ ಜಲನಗರದಿಂದ ಬೆಳಿಗ್ಗೆ ಹೊರಟೆವು. ಮಗಳು ನಸ್ರೀನ್ ಸ್ಕೂಟಿ ಓಡಿಸುತ್ತಿದ್ದಳು, ನಾನು ಹಿಂದೆ. ಪರದೇಶಕ್ಕೆ ಓದಲು ಹೋಗುವವರು ಹಿರಿಯರಿಗೆ ಹೇಳಿಬರುವುದು ನಮ್ಮಲ್ಲಿ ರೂಢಿ. ಆದರೆ ಯಾವ ದೇಶ ಎಂಬುದೇ ಇನ್ನೂ ತೀರ್ಮಾನವಾಗಿರಲಿಲ್ಲ. ಇಂಗ್ಲೆಂಡಿನಲ್ಲಿ ನನ್ನ ತಮ್ಮನಿದ್ದಾನೆ, ಅಲ್ಲಿ ಕಂಪ್ಯೂಟರ್ ಓದಲಿ ಎಂಬುದು ನನ್ನ ಹಟ. ಹಾಲೆಂಡಿನಲ್ಲಿ ನೀರಾವರಿ ಓದಬೇಕೆಂಬುದು ಅವಳ ಆಸೆ. ಎರಡೂ ಕಡೆ ಸೀಟು ಸಿಕ್ಕಿತ್ತು, ಅಂದು ಸಂಜೆಯೊಳಗೆ ಒಂದಕ್ಕೆ ಒಪ್ಪಿಗೆ ಕಳಿಸಬೇಕಿತ್ತು.

ತಿಕೋಟಾ ಇಪ್ಪತ್ತು ಕಿಲೋಮೀಟರ್ ಆಸುಪಾಸು. ಅಲ್ಲಿ ನನ್ನ ಅಕ್ಕನ ಮನೆಯಲ್ಲಿ ಸಜ್ಜಿರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ನಮ್ಮ ಕಥೆ ಕೇಳಿ ಅಕ್ಕ ನಕ್ಕಳು. "ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಸೀರಲ್ಲ ನೀವು." ಹೊರಡುವಾಗ ತಮ್ಮ ತೋಟದ ಒಣದ್ರಾಕ್ಷಿ ಕಟ್ಟಿಕೊಟ್ಟಳು.

ಬಬಲೇಶ್ವರದ ದಾರಿಯಲ್ಲಿ ನಸ್ರೀನ್ ಗಾಡಿ ನಿಲ್ಲಿಸಿದಳು. ನಮ್ಮ ತಲೆಗಿಂತ ಎಷ್ಟೋ ಎತ್ತರದಲ್ಲಿ, ಕಂಬಗಳ ಮೇಲೆ ಕಾಲುವೆ. ಹೊಲ ದಾಟಿ ಕಣ್ಣು ಹೋಗುವತನಕ ಸಾಗಿತ್ತು. ಬಸ್ಸಿನ ಕಿಟಕಿಯಿಂದ ಎಷ್ಟು ಸಲ ನೋಡಿದ್ದೆನೋ, ಕೆಳಗೆ ನಿಂತು ನೋಡಿದ್ದು ಅಂದೇ.

"ಕೆಳಗ ಹರಿಯೂ ಹೊಳಿ ನೀರು ಇಷ್ಟು ಮ್ಯಾಲೆ ಹತ್ತಿ ಬಂದೈತಿ ನೋಡು ಅಮ್ಮಿ. ಇಲ್ಲಿಂದ ಮುಂದ ಪಂಪ್ ಬ್ಯಾಡ, ಇಳಿಜಾರ ಎಳಕೊಂಡು ಹೋಗತೈತಿ."

ಅಷ್ಟೆತ್ತರದ ನೀರು ಒಂದು ಬೆರಗು, ಅದರ ದಾರಿಯನ್ನು ಕೈಯಾಡಿಸಿ ತೋರಿಸುತ್ತಿದ್ದ ಮಗಳು ಅದಕ್ಕೂ ದೊಡ್ಡ ಬೆರಗು. ಇಂಗ್ಲೆಂಡಿನ ಮಾತು ಬಂದಾಗ ಅವಳು ಒಮ್ಮೆಯೂ ಹೀಗೆ ಮಾತಾಡಿರಲಿಲ್ಲ.

ಬಬಲೇಶ್ವರದಲ್ಲಿ ಚಹಾ ಕುಡಿದು, ಬಿಸಿಲು ನೆತ್ತಿಗೇರುವ ಹೊತ್ತಿಗೆ ನನ್ನ ತವರು ಸಾರವಾಡ ಮುಟ್ಟಿದೆವು. ದೂರ ಹೊರಟವರ ಬಲತೋಳಿಗೆ ಬಟ್ಟೆಯಲ್ಲಿ ನಾಣ್ಯ ಕಟ್ಟಿ ದುವಾ ಮಾಡುವುದು ನಮ್ಮ ಮನೆತನದ ಪದ್ಧತಿ. ಇಮಾಮ್ ಜಾಮಿನ್ ಅನ್ನುತ್ತೇವೆ. ಹೊರಡುವ ದಿನ ಕಟ್ಟಬೇಕಾದದ್ದು. ನಮ್ಮವ್ವನಿಗೆ ಮೊಣಕಾಲು ನೋವು, ಆ ದಿನ ಪಟ್ಟಣಕ್ಕೆ ಬರಲಾಗದು. ಅದಕ್ಕೇ ಅಂದೇ ಕಟ್ಟಲು ಕೂತಳು. ಮೊಮ್ಮಗಳ ತೋಳಿಗೆ ಹಸಿರು ಬಟ್ಟೆ ಸುತ್ತಿ ಗಂಟು ಹಾಕಿ ಅವಳನ್ನು ಕೇಳಿದಳು.

"ಯಾವ ಊರಬೇ? ಊರು ಗೊತ್ತಿಲ್ಲದ ದುವಾ ಹೆಂಗ ಮಾಡಲಿ?"

ನಸ್ರೀನ್ ನನ್ನ ಮುಖ ನೋಡಿದಳು. ಇಂಗ್ಲೆಂಡ್ ಎಂದು ನಾನಂದರೆ ಅವಳು ಎದುರಾಡುವುದಿಲ್ಲ, ಅದು ನನಗೆ ಗೊತ್ತಿತ್ತು.

"ಹಾಲೆಂಡ್," ಅಂದೆ ನಾನು.

"ಅಲ್ಲಿ ನಮ್ಮವರು ಯಾರದಾರ?"

"ಯಾರೂ ಇಲ್ಲ, ಯವ್ವಾ."

ಅವ್ವ ಹಾಕಿದ್ದ ಗಂಟು ಬಿಚ್ಚಿ, ಮತ್ತೆ ಬಿಗಿಯಾಗಿ ಕಟ್ಟಿದಳು.

ಮರಳುವಾಗ ವಿಜಯಪುರ ಬರುವವರೆಗೂ ನಾನು ದಾರಿ ನೋಡಲಿಲ್ಲ, ಹಿಂದೆ ಕೂತು ಆ ತೋಳನ್ನೇ ನೋಡುತ್ತ ಬಂದೆ.