ಎರಡು ಮೋಟಾರ್‌ಸೈಕಲ್, ಒಂದು ಹಂಡೆ

ಮುಂಬಯಿಯಿಂದ ಉಡುಪಿಗೆ ಹೋಗುವ ಹಾದಿಯ ಪೂರ್ತಿ ವಿವರ ಒಂದು ಕಾಲಕ್ಕೆ ನನ್ನ ಬಳಿ ಟೈಪು ಮಾಡಿದ ಮೂರು ಪ್ರತಿಗಳಲ್ಲಿತ್ತು. ಪೆಟ್ರೋಲು ಸಿಗುವ ಊರುಗಳು, ಘಟ್ಟದ ಕೆಟ್ಟ ತಿರುವುಗಳು, ಕರಾವಳಿಯಲ್ಲಿ ಗಾಡಿಯನ್ನು ದೋಣಿಗೆ ಹೇರಬೇಕಾದ ಹೊಳೆಗಳು, ಎಲ್ಲವೂ ಅದರಲ್ಲಿದ್ದವು. ಆ ಹಾದಿಯಲ್ಲಿ ನಾನು ಒಂದು ಫರ್ಲಾಂಗೂ ಹೋಗಲಿಲ್ಲ.

ಐವತ್ತರ ದಶಕದ ನಡುವಿನ ಮಾತು. ನಾನು ಧಾರವಾಡದಿಂದ ಬಂದು ಫೋರ್ಟಿನ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಕುರ್ಲಾದ ಚಾಳಿನಲ್ಲಿ ನನ್ನ ಖೋಲಿಯ ಜೊತೆಗಾರ ಉಡುಪಿ ಕಡೆಯವನು, ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ಮುಖ್ಯ ಅಡುಗೆಯವನು. ಅವನ ಸಾಂಬಾರಿಗೆ ಜನ ಭಾಯಖಳಾದಿಂದ ನಡೆದು ಬರುತ್ತಿದ್ದರು. ಅವನಿಗೆ ಅದರ ಜಂಭವೇನೂ ಇರಲಿಲ್ಲ. ಜೀವವೆಲ್ಲ ಇದ್ದದ್ದು ಮೋಟಾರ್‌ಸೈಕಲ್ಲಿನ ಮೇಲೆ.

ಅದಕ್ಕೆ ಕಾರಣವಿತ್ತು. ತಾಯಿ ಸತ್ತ ಮೇಲೆ ಅವನನ್ನು ಸಾಕಿದ್ದು ಅಕ್ಕ. ಹದಿನಾಲ್ಕನೆಯ ವಯಸ್ಸಿನಲ್ಲಿ ದನ ಪಕ್ಕದವರ ಗದ್ದೆಗೆ ನುಗ್ಗಿದ್ದಕ್ಕೆ ಅಕ್ಕ ಒಂದೇಟು ಕೊಟ್ಟಳು. ಇವನು ಹೇಳದೆ ಕೇಳದೆ ಮುಂಬಯಿಗೆ ಓಡಿಬಂದ. ಎರಡು ವರ್ಷದ ಮೇಲೆ ಒಂದು ಕಾರ್ಡು ಬರೆದ: ಸ್ವಂತ ಗಾಡಿಯಲ್ಲಿ ಬಂದು ನಿನ್ನನ್ನು ಕೂರಿಸಿಕೊಂಡು ಊರೆಲ್ಲ ತಿರುಗಿಸುತ್ತೇನೆ, ಅಲ್ಲಿಯವರೆಗೆ ಮುಖ ತೋರಿಸುವುದಿಲ್ಲ. ಹದಿನಾರು ವರ್ಷದವರು ಇಂಥದ್ದನ್ನು ಬರೆಯುತ್ತಾರೆ, ಆಮೇಲೆ ಮರೆಯುತ್ತಾರೆ. ಇವನು ಮರೆಯಲಿಲ್ಲ. ನಾನು ಹೇಳುತ್ತಿರುವ ಹೊತ್ತಿಗೆ ಅವನು ಊರು ಬಿಟ್ಟು ಹದಿನೈದು ವರ್ಷವಾಗಿತ್ತು. ಅಕ್ಕ ಬರೆಸುತ್ತಿದ್ದ ಪ್ರತಿ ಕಾಗದದ ಕೊನೆಗೂ ಒಂದೇ ಸಾಲು: "ಯಾವಾಗ ಬರ್ತಿ?"

ನಾವು ಕೊಂಡ ಮೊದಲನೆಯ ಗಾಡಿ ಮಿಲಿಟರಿ ಹರಾಜಿನದು, ಮರುಭೂಮಿಯ ಬಣ್ಣ ಬಳಿದುಕೊಂಡು ಕುರ್ಲಾದ ಮಳೆಯಲ್ಲಿ ನೆನೆಯುತ್ತಿತ್ತು. ಎರಡನೆಯದು ಗ್ರಾಂಟ್ ರೋಡಿನ ಒಬ್ಬ ಪಾರ್ಸಿ ಮುದುಕರದು. ಅದೇ ಕಂಪನಿಯದು, ಆದರೆ ಯುದ್ಧಕ್ಕೂ ಎಷ್ಟೋ ವರ್ಷ ಹಿಂದಿನದು. ಅವರು ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ, ಮಳೆಗಾಲದಲ್ಲಿ ಇದನ್ನು ಎಲ್ಲಿ ನಿಲ್ಲಿಸುತ್ತೀರಿ ಎಂದು. ಸುಳ್ಳು ಹೇಳಿದೆವು. ಒಂದರ ಮೇಲೆ ಅವನು, ಇನ್ನೊಂದರ ಮೇಲೆ ನಾನು ಎಂದು ನಿಶ್ಚಯವಾಯಿತು. ನನ್ನನ್ನು ಯಾರೂ ಎಲ್ಲಿಗೂ ಕರೆದಿರಲಿಲ್ಲ. ಆದರೆ ಭಾನುವಾರ ಮಾಡಲು ನನಗೂ ಬೇರೆ ಕೆಲಸವಿರಲಿಲ್ಲ.

ಹಾಗೆ ಶುರುವಾದ ತಯಾರಿ ಎರಡು ವರ್ಷ ನಡೆಯಿತು. ದೀಪಾವಳಿಗೆ ಹೊರಡುವುದು ಯುಗಾದಿಗೆ ಹೋಯಿತು, ಯುಗಾದಿಯದು ಎಳೆದು ಎಳೆದು ಮಳೆಗಾಲ ಹಿಡಿದು ಚೌತಿಗೆ ಹೋಯಿತು. ಒಮ್ಮೆ ಟೈರು ಸರಿಯಿಲ್ಲ, ಒಮ್ಮೆ ಪಿಸ್ಟನ್ ರಿಂಗು ಸರಿಯಿಲ್ಲ, ಎರಡೂ ಸರಿಯಿದ್ದಾಗ ಹೋಟೆಲಿನಲ್ಲಿ ರಜೆಯಿಲ್ಲ. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ. ಬಾಯಿ ಬಿಟ್ಟು ಹೇಳಲಿಲ್ಲ, ಯಾಕೆಂದರೆ ತಯಾರಿ ನನಗೂ ರುಚಿಸಿತ್ತು. ಗಾಡಿಗಳು ಸರಿಯಾಗುವ ಮೊದಲೇ ಅವನು ದಾರಿಯ ಬುತ್ತಿ ಕಟ್ಟತೊಡಗಿದ: ಚಟ್ನಿಪುಡಿ, ಅವಲಕ್ಕಿ, ಮಿಡಿ ಉಪ್ಪಿನಕಾಯಿಯ ಭರಣಿ, ಸ್ಟೋವು, ಕೊನೆಗೆ ತೆಂಗಿನಕಾಯಿ ತುರಿಯುವ ಮಣೆ. ಕೂಸು ಹುಟ್ಟುವ ಮುಂಚೆ ಕುಲಾವಿ.

"ದಾರಿಯೊಳಗ ಹೋಟೆಲ್ ಇಲ್ಲೇನೋ?" ಎಂದೆ.

"ಉಂಟು. ಆದ್ರೆ ಹೋಟೆಲಿನದ್ದು ತಿನ್ಲಿಕ್ಕೆ ಆಗ್ತದಾ ಮಾರಾಯ?" ಎಂದ, ದಿನಕ್ಕೆ ಐನೂರು ಜನಕ್ಕೆ ಹೋಟೆಲಿನದ್ದನ್ನು ತಿನ್ನಿಸುವವನು.

ಆ ವರ್ಷ ನವರಾತ್ರಿಗೆ ಮಾತ್ರ ಎಲ್ಲ ಕೂಡಿಬಂತು. ರಜೆ ಸಿಕ್ಕಿತು, ವಿಜಯದಶಮಿಯ ಬೆಳಿಗ್ಗೆ ಹೊರಡುವುದೆಂದು ಅಕ್ಕನಿಗೆ ಕಾಗದ ಹೋಯಿತು. ಹೊರಡುವ ವಾರ ಎಂಜಿನ್‌ಗಳನ್ನು ಕೊನೆಯ ಬಾರಿ ಬಿಚ್ಚಿ ಮಸಿ ತೆಗೆದು ಜೋಡಿಸಬೇಕೆಂದು ನಾನೇ ಹೇಳಿದೆ. ಎರಡು ಗಾಡಿಯ ಬಿಡಿಭಾಗ ಕಲಸಿಹೋಗಬಾರದೆಂದು ಕಚೇರಿಯ ಪದ್ಧತಿಯಂತೆ ಪ್ರತಿ ಭಾಗಕ್ಕೂ ದಾರ ಕಟ್ಟಿ ಕಾಗದದ ಚೀಟಿ ಹಚ್ಚಿದೆ. ಪಾರ್ಸಿಯವರದಕ್ಕೆ ಒಂದು ಶಾಯಿ, ಮಿಲಿಟರಿಯದಕ್ಕೆ ಇನ್ನೊಂದು. ನೂರಾರು ಚೀಟಿಗಳು, ಒಂದೂ ತಪ್ಪಿರಲಿಲ್ಲ. ಇಷ್ಟು ಅಚ್ಚುಕಟ್ಟಿನ ಕೆಲಸವನ್ನು ನನ್ನ ಸಾಹೇಬರಿಗೂ ನಾನು ಮಾಡಿಕೊಟ್ಟಿರಲಿಲ್ಲ.

ಆಯುಧಪೂಜೆಯ ಹಿಂದಿನ ದಿನ ಕಚೇರಿಯಿಂದ ಬಂದು ನೋಡುತ್ತೇನೆ, ಚಾಳಿನ ನಲ್ಲಿಯ ಪಕ್ಕದಲ್ಲಿ ಅವನು ಮೂರು ಕಲ್ಲಿನ ಮೇಲೆ ಹಂಡೆ ಏರಿಸಿದ್ದಾನೆ. ಹೋಟೆಲಿನಲ್ಲಿ ಅನ್ನದ ನೀರು ಕಾಯಿಸುವ ಹಂಡೆ. ಅದರಲ್ಲಿ ಅಂಟುವಾಳದ ನೊರೆ ಉಕ್ಕುತ್ತಿತ್ತು. ನೊರೆಯೊಳಗೆ ಎರಡೂ ಮೋಟಾರ್‌ಸೈಕಲ್‌ಗಳಿದ್ದವು.

ಹೋಟೆಲಿನವರಿಗೆ ಆಯುಧಪೂಜೆಯೆಂದರೆ ಮೊದಲು ತೊಳೆಯುವುದು. ರುಬ್ಬುವ ಕಲ್ಲು, ಸಟ್ಟುಗ, ಕಡಾಯಿ, ಈಳಿಗೆ, ಎಲ್ಲ ಒಟ್ಟಿಗೆ ಕುದಿನೀರಿಗೆ ಬಿದ್ದು, ಹುಣಸೆಹುಳಿಯಲ್ಲಿ ತಿಕ್ಕಿಸಿಕೊಂಡು, ಕವುಚಿ ಒಣಗಿ, ಆಮೇಲೆ ದೇವರ ಮುಂದೆ ಕೂರಬೇಕು. ಅವನು ಅದನ್ನೇ ಮಾಡಿದ್ದ. ಬಿಸಿಲಿಗೆ ಹಾಸಿದ ಗೋಣಿಯ ಮೇಲೆ ಮೊದಲ ಸುತ್ತಿನ ಭಾಗಗಳು ಫಳಫಳ ಹೊಳೆಯುತ್ತಿದ್ದವು. ಚೀಟಿ ಒಂದಕ್ಕೂ ಇರಲಿಲ್ಲ. ಎರಡು ಶಾಯಿಯೂ ಕೂಡಿ ನೊರೆಗೆ ನೇರಳೆ ಬಣ್ಣ ಬಂದಿತ್ತು.

"ಚೀಟಿ ಎಲ್ಲಿ?" ಎಂದೆ.

"ಯಾವ ಚೀಟಿ? ಅದು ಕರಗಿ ಹೋಯ್ತು."

"ಯಾವುದು ಯಾವ ಗಾಡೀದು ಅಂತ ಈಗ ಹೆಂಗ ಗೊತ್ತಾಗಬೇಕು?"

ಅವನು ಸಟ್ಟುಗದಿಂದ ಒಂದು ವಾಲ್ವನ್ನು ಎತ್ತಿ ನೀರು ಸೋಸಿ, ನಿಜವಾಗಿಯೂ ಅರ್ಥವಾಗದವನಂತೆ ನನ್ನನ್ನು ನೋಡಿದ. "ಹೋಟೆಲಲ್ಲಿ ಯಾವ ಲೋಟ ಯಾರದ್ದು ಅಂತ ಉಂಟಾ? ಎರಡೂ ಒಂದೇ ಕಂಪನಿದು ಅಲ್ವಾ?"

ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಕೂಗಾಡಿದೆ. ಕುದಿನೀರಿನಲ್ಲಿ ಕರಗುವ ಕಾಗದ ಕಟ್ಟಿದ್ದು ಯಾರು ಎಂದು ಅವನು ಕೇಳಲಿಲ್ಲ, ಅದು ಅವನ ದೊಡ್ಡತನ. ಪಕ್ಕದ ಗಲ್ಲಿಯಲ್ಲಿ ಲೇಥ್ ನಡೆಸುತ್ತಿದ್ದ ಮಿಸ್ತ್ರಿಯನ್ನು ಕರೆತಂದೆವು. ಅವರು ಗೋಣಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕಿಡಿ ಹೊತ್ತಿಸುವ ಮ್ಯಾಗ್ನೆಟೊ ಎತ್ತಿ ಬಗ್ಗಿಸಿದರು. ಒಳಗಿನಿಂದ ನೀರು ಸುರಿಯಿತು. "ದೋನೋ ಕಾ ಖಿಚಡಿ ಬನಾ ದಿಯಾ," ಎಂದರು, ಎರಡನ್ನೂ ಕಲಸಿಬಿಟ್ಟಿದ್ದೀರಿ ಎಂದು. ಬೇರ್ಪಡಿಸಿ ಜೋಡಿಸಲು ಒಂದು ತಿಂಗಳು ಬೇಕು, ಎರಡರಿಂದ ಒಂದು ಗಾಡಿಯಾದರೆ ಪುಣ್ಯ ಎಂದು ಹೇಳಿ ಹೋದರು. ಅಡುಗೆಯವನಿಗೆ ಹೆಚ್ಚು ನೋವಾದದ್ದು ಖಿಚಡಿ ಎಂಬ ಮಾತಿನಿಂದ. ಅಂಥ ಪದಾರ್ಥವನ್ನು ತಾನು ಈ ಜನ್ಮದಲ್ಲಿ ಮಾಡಿದವನಲ್ಲ ಎಂದ.

ವಿಜಯದಶಮಿಯ ದಿನ ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ. ರೈಲಿನಲ್ಲಿ ಹುಬ್ಬಳ್ಳಿ, ಅಲ್ಲಿಂದ ಬಸ್ಸು, ಮೂರನೆಯ ದಿನ ಅಕ್ಕನ ಮುಂದೆ ಇರುತ್ತೀ ಎಂದು ನಾನು ಹೇಳಿದೆ.

"ಬಸ್ಸಲ್ಲಿ ಹೋದ್ರೆ ಕೊಟ್ಟ ಮಾತು ಎಂತ ಆಗ್ತದೆ?" ಎಂದ. ಆಮೇಲೆ ಗೋಡೆಗೇ ಹೇಳುವವನಂತೆ, "ಬಸ್ಸಿಂದ ಇಳಿದು ಆ ಗದ್ದೆಯ ಅಂಚಲ್ಲಿ ಒಬ್ಬನೇ ನಡೆದು ಹೋಗ್ಲಿಕ್ಕೆ ನನಗೆ ಧೈರ್ಯ ಇಲ್ಲ ಮಾರಾಯ. ಗಾಡಿ ಇದ್ರೆ ಜನ ಗಾಡಿ ನೋಡ್ತಾರೆ," ಎಂದ.

ಎರಡು ವರ್ಷ ಟೈರು, ರಿಂಗು, ರಜೆ ಎಂದು ನಾವು ರಿಪೇರಿ ಮಾಡುತ್ತಿದ್ದದ್ದು ಏನನ್ನು ಎಂದು ನನಗೆ ಆಗ ತಿಳಿಯಿತು. ಪಾಪ ಅನ್ನಿಸಿತು. ಅಕ್ಕನಿಗೆ ಕಾಗದ ಬರೆಯುವ ಶಕ್ತಿಯೂ ಅವನಿಗಿರಲಿಲ್ಲ, ನಾನೇ ಬರೆದೆ. ನನಗೆ ಬರುತ್ತಿದ್ದದ್ದು ಒಂದೇ ಬಗೆಯ ಕಾಗದ: "ಅನಿವಾರ್ಯ ಕಾರಣಗಳಿಂದಾಗಿ ತಮ್ಮ ಸಹೋದರರ ಪ್ರಯಾಣವನ್ನು ಮುಂದೂಡಲಾಗಿದೆ. ಮುಂದಿನ ದಿನಾಂಕವನ್ನು ಯಥಾಕಾಲದಲ್ಲಿ ತಿಳಿಸಲಾಗುವುದು."

ಹದಿನೈದು ದಿನಗಳ ಮೇಲೆ ಒಂದು ಭಾನುವಾರ ಬೆಳಿಗ್ಗೆ ನಾವಿಬ್ಬರೂ ಅಂಗಳದಲ್ಲಿ ಕೂತು ಬೋಲ್ಟು ಆರಿಸುತ್ತಿದ್ದೆವು. ಚಾಳಿನ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತರು. ಬಗಲಲ್ಲಿ ಹಲಸಿನ ಹಪ್ಪಳದ ಕಟ್ಟು, ಹಿಂದೆ ಊರಿನಿಂದ ಮರಳುತ್ತಿದ್ದ ಯಾವುದೋ ಹೋಟೆಲಿನ ನೌಕರ. ಉಡುಪಿಯಾಚೆ ಎಂದೂ ಕಾಲಿಡದ ಅಕ್ಕ, ನನ್ನ ಕಾಗದ ಓದಿಸಿಕೊಂಡು, ಹೀಗೆ ಬರೆಯುವವರು ಆಸ್ಪತ್ರೆಯವರೇ ಇರಬೇಕೆಂದು ಹೆದರಿ ಹೊರಟುಬಂದಿದ್ದರು.

ಅವರು ತಮ್ಮನ ಎರಡು ಕೈ, ಎರಡು ಕಾಲು ಮುಟ್ಟಿ ನೋಡಿದರು. ಎಲ್ಲ ಇದ್ದವು. ಆಮೇಲೆ ಅವನ ಬೆನ್ನಿಗೆ ಒಂದು ಗುದ್ದು ಗುದ್ದಿ ಅತ್ತರು. ಅವನೂ ಅತ್ತ. ನಾನು ಬೋಲ್ಟು ಎಣಿಸುವವನಂತೆ ತಲೆ ತಗ್ಗಿಸಿ ಕೂತೆ, ನನ್ನ ಕಣ್ಣೂ ಸರಿಯಿರಲಿಲ್ಲ.

"ಗಾಡಿ ಎಲ್ಲಿ?" ಎಂದರು ಅಕ್ಕ.

ಅವನು ಪಾರ್ಸಿಯವರ ಗಾಡಿಯನ್ನು ತೋರಿಸಿದ. ಚಕ್ರ, ಸೀಟು, ಹ್ಯಾಂಡಲ್ ಇದ್ದವು. ಎಂಜಿನ್ ಇರುವ ಜಾಗದಲ್ಲಿ ಬರೀ ಗಾಳಿಯಿತ್ತು. ಅಕ್ಕ ಅದರ ಸುತ್ತ ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಂದಿನ ಸೀಟಿನ ಮೇಲೆ ಒಂದು ಬದಿಗೆ ಕೂತರು.

"ದೂಡು."

"ಅಕ್ಕ, ಎಲ್ಲರೂ ನೋಡ್ತಾರೆ."

"ನೋಡ್ಲಿ. ದೂಡು."

ಅವನು ಹ್ಯಾಂಡಲ್ ಹಿಡಿದ, ನಾನು ಹಿಂದಿನಿಂದ ನೂಕಿದೆ. ಮೂರು ಮಜಲಿನ ಚಾಳು ಗ್ಯಾಲರಿಗೆ ಬಂದು ನಿಂತಿತು. ನಲ್ಲಿಯವರೆಗೆ ಹೋಗಿ, ನೀರಿಗೆ ನಿಂತ ಕೊಡಗಳನ್ನು ಬಳಸಿ, ವಾಪಸು ಬಂದೆವು. ಅಕ್ಕ ಇಳಿದು ಸೀರೆ ಕೊಡವಿಕೊಂಡರು.

"ಆಯ್ತಲ್ಲ ನಿನ್ನ ಮಾತು? ಇನ್ನು ಮನೆಗೆ ನಡಿ," ಎಂದರು. ಅವನು ಎಂಜಿನ್, ಒಂದು ತಿಂಗಳು ಎಂದು ಏನೋ ತೊದಲಿದ. "ಹೋಗುವಾಗ ನಡ್ಕೊಂಡೇ ಹೋದವ ನೀನು. ಬರ್ಲಿಕ್ಕೆ ಎಂತಕ್ಕೆ ಗಾಡಿ?" ಎಂದರು ಅಕ್ಕ.

ಅವನು ಬುತ್ತಿಯ ಗಂಟು ಬಿಗಿಯಲು ಒಳಗೆ ಹೋದ. ನಡೆದು ಹೋಗುವ ಹಾದಿ ನನ್ನ ಮೂರು ಪ್ರತಿಗಳಲ್ಲೂ ಇರಲಿಲ್ಲ. ಎರಡು ದಿನ ಬಿಟ್ಟು ಬೋರಿಬಂದರದಲ್ಲಿ ಅವರಿಬ್ಬರನ್ನೂ ರೈಲು ಹತ್ತಿಸಿದೆ. ಬುತ್ತಿಯ ಗಂಟು, ಭರಣಿ, ತುರಿಯುವ ಮಣೆ ಎಲ್ಲ ಅವರ ಜೊತೆಗೇ ಹೋದವು. ಕಿಟಕಿಯಿಂದ ಅಕ್ಕ ನನ್ನನ್ನು ಕರೆದು, "ನಿಮ್ಮ ಅಕ್ಷರ ಚೆಂದ ಉಂಟು. ಆದ್ರೆ ಇನ್ನು ಕಾಗದ ಅವನೇ ಬರೀಲಿ," ಎಂದರು.

ಮಿಸ್ತ್ರಿ ಹೇಳಿದ ಹಾಗೆ ತಿಂಗಳು ಹಿಡಿಯಿತು. ಕೆಲಸ ಮುಗಿದ ಭಾನುವಾರ ನಾನೊಬ್ಬನೇ ಅಂಗಳದಲ್ಲಿ ನಿಂತು ಕಿಕ್ ಒದ್ದೆ. ಎರಡರಿಂದ ಒಂದಾದ ಗಾಡಿ ಮೊದಲ ಒದೆತಕ್ಕೇ ಗುಡುಗಿತು. ಸ್ವಲ್ಪ ಹೊತ್ತು ಕೇಳಿ ಆರಿಸಿಬಿಟ್ಟೆ. ಹೋಗಬೇಕಾದವನು ಆಗಲೇ ಹೋಗಿದ್ದ.