ಒಂಬತ್ತು ವಾರ ಕೈ ಎತ್ತದ ಅಂಜಿನಯ್ಯ

ಅವತ್ತು ಶುಕ್ರವಾರ. ನಮ್ಮ ಯಜಮಾನರು ರಕ್ತ ಬಾರದ ಹಾಗೆ ಗಡ್ಡ ಹೆರೆದುಕೊಂಡರು. ಮದುವೆಯಾದ ನಾಲ್ಕು ವರ್ಷದಲ್ಲಿ ನಾನು ಅದನ್ನು ನೋಡಿದ್ದು ಅದೇ ಮೊದಲು. ಯಾವಾಗಲೂ ಬ್ಲೇಡು ಯಾವುದಾದರೂ ಒಂದು ಮೊಡವೆಯ ತಲೆ ಹಾರಿಸುತ್ತಿತ್ತು, ಬನಿಯನ್ನಿನ ಕುತ್ತಿಗೆ ಕೆಂಪಾಗುತ್ತಿತ್ತು. ಅವತ್ತು ಬನಿಯನ್ನು ಬೆಳ್ಳಗೇ ಇತ್ತು.

ಕನ್ನಡಿ ಕೆಳಗಿಟ್ಟು ನನ್ನ ಕಡೆ ತಿರುಗಿದರು. "ಹೆಂಗೈತೆ?"

"ಪರವಾಗಿಲ್ಲ."

"ಪರವಾಗಿಲ್ಲ ಅಂದ್ರೆ?"

"ಮನುಷ್ಯರ ಮುಖದಂಗೈತೆ."

ನಕ್ಕರು. ಒಲೆ ಮುಂದೆ ಕೂತಿದ್ದ ನಮ್ಮತ್ತೆ ಪಟಾಲಮ್ಮ, "ಹುಟ್ಟಿದಾಗ ಬೆಣ್ಣೆಯಂಗಿದ್ದ ಕಣೇ. ನೀನು ಬಂದ್ಮೇಲೆ ಕೆಟ್ಟಿದ್ದು," ಅಂದರು.

"ಹದಿನಾರಕ್ಕೇ ಕೆಟ್ಟಿತ್ತು, ಸುಮ್ಕಿರಮ್ಮ. ಲಿಂಗಮ್ಮ ಆಗ ಇನ್ನೂ ಬೀದೀಲಿ ಕುಂಟಾಬಿಲ್ಲೆ ಆಡ್ತಿದ್ಲು," ಅಂದರು ಇವರು, ನನ್ನ ಕಡೆ ಕೈ ತೋರಿಸಿ.

ಮಗಳು ಸೀತಾಗೆ ಆಗ ಎರಡು ವರ್ಷ. ಅಪ್ಪನ ಮುಖ ಕಂಡರೆ ಅಳುತ್ತಿದ್ದವಳು ಅವತ್ತು ಹತ್ತಿರ ಹೋಗಿ ಕೆನ್ನೆ ಮುಟ್ಟಿ ನೋಡಿದಳು. ಅವರು ಅಲ್ಲಾಡದೆ ಕೂತಿದ್ದರು. ಆಮೇಲೆ ಮುದ್ದೆ ಉಂಡು ಮೊದಲನೇ ಶಿಫ್ಟಿಗೆ ಹೋದರು. ಸಾಯಂಕಾಲ ಬಂದರು. ಬೇರೇನೂ ಆಗಲಿಲ್ಲ. ಮರುದಿನ ಅವರನ್ನು ಕೊಂದರು.

ಅದು ಎಂಬತ್ತಾರನೇ ಇಸವಿ, ಶಿವರಾತ್ರಿ ಕಳೆದು ಬಂದ ಶನಿವಾರ. ಅವರಿಗೆ ಇಪ್ಪತ್ತೇಳು ವರ್ಷ.

ಅವರು ಕುರುಬರಹಳ್ಳಿಯವರೇ. ರಾಜಾಜಿನಗರದಲ್ಲಿ ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಫ್ಯಾಕ್ಟರಿ ಒಂದರಲ್ಲಿ ಕುಲುಮೆ ಮುಂದೆ ಕೆಲಸ. ಸಾಯಂಕಾಲ ನಮ್ಮ ಬೀದಿಯ ಗರಡಿಯಲ್ಲಿ ಕುಸ್ತಿ. ಮೈ ಕಟ್ಟಿಗೆ ಸೋತವರೇ ಎಲ್ಲ. ಮುಖ ಮಾತ್ರ ಯಾರೂ ಎರಡನೇ ಸಲ ನೋಡುತ್ತಿರಲಿಲ್ಲ. ಹಣೆ, ಕೆನ್ನೆ, ಗದ್ದ, ಎಲ್ಲಿ ನೋಡಿದರೂ ಗಂಟು ಗಂಟು ಮೊಡವೆ. ಕೀವು ತುಂಬಿದ್ದು, ಒಡೆದದ್ದು, ಒಣಗಿ ಗುಳಿ ಬಿದ್ದದ್ದು. ಹುಡುಗರಿಗೆ ಬಂದು ಹೋಗುತ್ತದೆ ಅಂತಾರಲ್ಲ, ಇವರಿಗೆ ಬಂದದ್ದು ಹೋಗಲಿಲ್ಲ.

ಸಿಟ್ಟು ಅಲ್ಲಿಂದಲೇ. ಮುಖದ ಬಗ್ಗೆ ಯಾರಾದರೂ ಮಾತೆತ್ತಿದರೆ ಮೊದಲು ಕೈ, ಆಮೇಲೆ ಬಾಯಿ. ಸಿನಿಮಾ ಟಿಕೆಟ್ಟಿನ ಸಾಲಿನಲ್ಲಿ ಒಬ್ಬನ ಹಲ್ಲು ಮುರಿದಿದ್ದರು. ಬಸ್ಸಿನ ಕಂಡಕ್ಟರನ್ನು ಫುಟ್‌ಬೋರ್ಡಿನಿಂದ ಎಳೆದು ಹೊಡೆದಿದ್ದರು. ನನಗೂ ಹೊಡೆಯುತ್ತಿದ್ದರು. ನಾನು ಏನೂ ಅನ್ನಬೇಕಾಗಿರಲಿಲ್ಲ. ಊಟ ಬಡಿಸುವಾಗ ಮುಖ ನೋಡಿದರೆ, "ಏನ್ ನೋಡ್ತೀಯೆ?" ನೋಡದಿದ್ದರೆ, "ನೋಡಕ್ಕೂ ಅಸಹ್ಯವಾ?" ಎರಡಕ್ಕೂ ಏಟು ಒಂದೇ. ಸತ್ತವರು ಅಂತ ಸುಳ್ಳು ಬರೆಯಲಾರೆ.

ಎಂಬತ್ತೈದರ ಡಿಸೆಂಬರಿನಲ್ಲಿ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಚನ್ನಕೇಶವ ಒಂದು ಮಾತಾಡಿದ. ಅವನೂ ಅಲ್ಲೇ ಕೆಲಸ, ಅದೇ ಗರಡಿ, ನಮ್ಮದೇ ಬೀದಿ. ಕುಸ್ತಿಯಲ್ಲಿ ಇವರ ಕೈಲಿ ಸೋತು ಸೋತು ಸಾಕಾದವನು. ಹತ್ತು ಜನ ಟೀ ಕುಡಿಯುತ್ತಾ ಕೂತಿದ್ದರಂತೆ. "ಏನ್ ಗುರು, ಮುಖಕ್ಕೆ ಜಲ್ಲಿ ಹಾಕ್ಸಿ ಎಷ್ಟ್ ವರ್ಷ ಆಯ್ತು? ಟಾರು ಯಾವಾಗ?" ಅಂದ. ಇವರು ಎದ್ದು ಒಂದೇ ಏಟು ಕೊಟ್ಟರು. ಚನ್ನಕೇಶವನ ದವಡೆ ಮುರಿಯಿತು. ತಂತಿ ಹಾಕಿ ಬಾಯಿ ಕಟ್ಟಿದ್ದರು. ಒಂದೂವರೆ ತಿಂಗಳು ಅವನು ಗಂಜಿ ಹೀರಿಕೊಂಡೇ ಬದುಕಿದ. ದವಡೆ ಕೂಡಿತು, ಆದರೆ ಸೊಟ್ಟಗೆ.

ಫೋರ್‌ಮನ್ ಗಂಗಾಧರಯ್ಯನವರು ಪೊಲೀಸರ ತನಕ ಹೋಗದಂತೆ ರಾಜಿ ಮಾಡಿಸಿದರು. ಆಮೇಲೆ ಮನೆಗೇ ಬಂದು ನನ್ನ ಮುಂದೆಯೇ ಇವರಿಗೆ ಹೇಳಿದರು. "ಇನ್ನೊಂದ್ ಸಲ ಕೈ ಎತ್ತಿದ್ರೆ ಗೇಟಿನಿಂದಾಚೆ. ಆಗ ನನ್ ಹತ್ರ ಬರಬೇಡ ಅಂಜಿನಯ್ಯ." ಹೊಸಿಲು ದಾಟಿದವರು ಮತ್ತೆ ತಿರುಗಿದರು. "ನನ್ನ ಮಗಳಿಗೂ ಹಿಂಗೇ ಇತ್ತು ಕಣಯ್ಯ. ಕಾಲೇಜಿಗೆ ಹೋಗಲ್ಲ ಅಂತ ಬಾಗಿಲು ಹಾಕ್ಕೊಂಡು ಕೂತಿದ್ಲು. ಬಸವೇಶ್ವರನಗರದಲ್ಲಿ ಒಬ್ರು ಚರ್ಮದ ಡಾಕ್ಟ್ರಿದಾರೆ. ಒಂದು ಕ್ರೀಮು ಕೊಟ್ರು. ಮೊದ್ಲು ಇನ್ನೂ ಕೆಟ್ಟೋಯ್ತು, ನಾನೇ ಬೈದೆ. ಮೂರು ತಿಂಗಳಿಗೆ ಹೋಯ್ತು. ಹೋಗಿ ನೋಡು."

ನಾನೇ ಕರೆದುಕೊಂಡು ಹೋದೆ. ಈ ಮುಖ ವಾಸಿಯಾದರೆ ನಮ್ಮ ಮನೆಯಲ್ಲಿ ಏಟು ನಿಲ್ಲುತ್ತದೆ. ನನಗೆ ಬೇಕಾಗಿದ್ದು ಅಷ್ಟೇ.

ಡಾಕ್ಟರು ಬಸವರಾಜೇಶ್ವರಿ ಅಂತ. ದೀಪ ಹಿಡಿದು ಮುಖ ನೋಡಿದರು. ಮುಟ್ಟಿಯೂ ನೋಡಿದರು. ಅಸಹ್ಯಪಡದೆ ಆ ಮುಖ ಮುಟ್ಟಿದ ಹೊರಗಿನವರು ಅವರೊಬ್ಬರೇ. ಒಂದು ಸಣ್ಣ ಟ್ಯೂಬು ಬರೆದುಕೊಟ್ಟರು. ವಿಟಮಿನ್ ಎ ಯಿಂದ ಮಾಡಿದ ಕ್ರೀಮು ಅಂದರು.

"ರಾತ್ರಿ ಮಾತ್ರ. ಮುಖ ತೊಳೆದು ಚೆನ್ನಾಗಿ ಒಣಗಿದ ಮೇಲೆ. ಪೂರ್ತಿ ಮುಖಕ್ಕೆ ಕಡಲೆಕಾಳಿನಷ್ಟು ಸಾಕು."

"ಅದು ನನ್ ಮೂಗಿಗೇ ಸಾಲಲ್ಲ ಮೇಡಂ."

"ಜಾಸ್ತಿ ಹಚ್ಚಿದ್ರೆ ಬೇಗ ವಾಸಿಯಾಗಲ್ಲ, ಸುಟ್ಟೋಗುತ್ತೆ. ಬಿಸಿಲಿಗೆ ಮುಖ ಕೊಡಬೇಡಿ. ಮೊದಲ ಒಂದೂವರೆ ತಿಂಗಳು ಜಾಸ್ತಿನೇ ಆಗುತ್ತೆ. ಒಳಗಿರೋದೆಲ್ಲ ಮೇಲೆ ಬರುತ್ತೆ. ಹೆದರಿ ಬಿಟ್ಟುಬಿಡಬೇಡಿ."

ಇವರು ತಲೆ ಆಡಿಸಿದರು. ಮನೆಗೆ ಬಂದು ಮಾಡಿದ್ದು ಪೈಲ್ವಾನರ ಕೆಲಸ. ಪೈಲ್ವಾನರಿಗೆ ಹಚ್ಚುವುದು ಅಂದರೆ ತಿಕ್ಕುವುದು. ತೊಡೆಗೆ ಎಣ್ಣೆ ತಿಕ್ಕಿದ ಹಾಗೆ ಹೆಬ್ಬೆರಳು ಒತ್ತಿ ಒತ್ತಿ ಮುಖಕ್ಕೆ ಕ್ರೀಮು ತಿಕ್ಕಿದರು, ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ. ತಿಂಗಳಿಗೆ ಬರಬೇಕಾದ ಟ್ಯೂಬು ಐದು ದಿನಕ್ಕೆ ಚಪ್ಪಟೆಯಾಯಿತು. ಮುಖ ಬೆಂದ ಬೀಟ್‌ರೂಟಿನ ಹಾಗಾಯಿತು, ಸಿಪ್ಪೆ ಎದ್ದಿತು. ಆಗ ಎರಡನೇ ತಪ್ಪು ಮಾಡಿದರು. ಗರಡಿಯವರು ಎಂಥ ಗಾಯವಾದರೂ ಕುಸ್ತಿ ಆಡುವ ಕೆಮ್ಮಣ್ಣನ್ನೇ ಹಚ್ಚುತ್ತಾರೆ. ಅದಕ್ಕೆ ಅರಿಶಿನ, ಎಣ್ಣೆ, ನಿಂಬೆಹಣ್ಣಿನ ರಸ ಎಲ್ಲ ಸೇರಿಸಿರುತ್ತಾರೆ. ಆ ಮಣ್ಣನ್ನು ಸುಲಿದ ಮುಖಕ್ಕೆ ಹಚ್ಚಿ ತಿಕ್ಕಿದರು. ಮನೆಗೆ ಬಂದಾಗ ಎರಡೂ ಕೆನ್ನೆಯಿಂದ ರಕ್ತ ಸೋರುತ್ತಿತ್ತು.

"ಡಾಕ್ಟ್ರು ಹೇಳಿದ್ದು ಕೇಳಿದ್ರಾ?" ಅಂದೆ.

ಹೊಡೆದರು. ತುಟಿ ಸೀಳಿತು. ಒಂದು ಹಲ್ಲು ಅಲ್ಲಾಡಿತು, ಈಗ ಅದಿಲ್ಲ.

ಮರುದಿನ ಇಬ್ಬರೂ ಮತ್ತೆ ಆ ಡಾಕ್ಟರ ಮುಂದೆ ಕೂತೆವು. ಅವರು ಇವರ ಮುಖ ನೋಡಿದರು, ನನ್ನ ತುಟಿ ನೋಡಿದರು. "ಮೊದಲು ಯಾರಿಗೆ ನೋಡ್ಲಿ?" ಅಂದರು. ಇವರು ತಲೆ ತಗ್ಗಿಸಿದರು. ಇವರು ತಲೆ ತಗ್ಗಿಸಿದ್ದನ್ನು ನಾನು ಅಲ್ಲಿವರೆಗೆ ಕಂಡಿರಲಿಲ್ಲ. ಡಾಕ್ಟರು ಒಂದು ವಾರ ಕ್ರೀಮು ನಿಲ್ಲಿಸಿ ಅಂದರು. ಆಮೇಲೆ ದಿನ ಬಿಟ್ಟು ದಿನ ಹಚ್ಚಬೇಕು, ಮುಖ ವಾಸಿಯಾಗುವ ತನಕ ಗರಡಿ ಮಣ್ಣು ಮುಟ್ಟಬಾರದು, ಅಕಸ್ಮಾತ್ ಮುಖಕ್ಕೆ ಬಿದ್ದರೆ ಕೂಡಲೇ ತಣ್ಣೀರಲ್ಲಿ ತೊಳೆಯಬೇಕು ಅಂದರು.

ಅವತ್ತು ಸಾಯಂಕಾಲ ನಾನು ಸೀತಾಳನ್ನು ತಂದು ಅವರ ಮುಂದೆ ನಿಲ್ಲಿಸಿದೆ. "ಇವಳ ತಲೆ ಮೇಲೆ ಕೈ ಇಟ್ಟು ಹೇಳಿ. ಇನ್ನು ಯಾರ ಮೇಲೂ ಕೈ ಎತ್ತಲ್ಲ ಅಂತ."

"ನಿನ್ ಮೇಲೆ ಎತ್ತಲ್ಲ."

"ಯಾರ ಮೇಲೂ."

"ಅವನೇ ಮೊದ್ಲು ಎತ್ತಿದ್ರೆ?"

"ಆಗ್ಲೂ."

ಅತ್ತೆ, "ಗಂಡಸಿಗೆ ಹಿಂಗೆಲ್ಲ ಆಣೆ ಹಾಕಿಸಬಾರದು ಕಣೇ," ಅಂದರು. ನಾನು ಕೇಳಲಿಲ್ಲ. ಇವರು ಕೈ ಇಟ್ಟರು. "ಕೈ ಎತ್ತಿದ್ರೆ ಇವಳು ಸತ್ತಂಗೆ," ಅಂತ ನಾನು ಹೇಳಿಕೊಟ್ಟ ಮಾತನ್ನೇ ಅಂದರು. ಅದು ಸಂಕ್ರಾಂತಿಯ ಹಿಂದಿನ ವಾರ.

ಅಲ್ಲಿಂದ ಒಂಬತ್ತು ವಾರ.

ಡಾಕ್ಟರು ಹೇಳಿದ ಹಾಗೇ ಆಯಿತು. ಕ್ರೀಮು ಮತ್ತೆ ಶುರುವಾಗಿ ಎರಡು ವಾರಕ್ಕೆ ಒಳಗಿನದೆಲ್ಲ ಮೇಲೆ ಎದ್ದಿತು. ಕಣ್ಣಿನ ಕೆಳಗೂ ಕೀವು. ನಗುವುದಕ್ಕೆ ಬಾಯಿ ತೆರೆದರೆ ಚರ್ಮ ಬಿರಿಯುತ್ತಿತ್ತು. ಕುಲುಮೆಯ ಝಳಕ್ಕೆ ಮುಖ ಒಡ್ಡಲಾರದೆ ಒದ್ದೆ ಟವೆಲು ಸುತ್ತಿಕೊಂಡು ಕೆಲಸ ಮಾಡಿದರು. ಬಿಸಿಲಲ್ಲಿ ನನ್ನ ಕೊಡೆ ಹಿಡಿದುಕೊಂಡು ಹೋದರು. ಬೀದಿಯವರಿಗೆ ಹಬ್ಬ. "ಮದುಮಗಳು ಬಂದ್ಲು, ದಾರಿ ಬಿಡ್ರಪ್ಪಾ." "ಅಂಜಮ್ಮಾ, ಯಾವ ಸ್ನೋ ಹಚ್ತೀಯಮ್ಮಾ?" ಮೊದಲಾಗಿದ್ದರೆ ಒಂದೊಂದು ಮಾತಿಗೆ ಒಂದೊಂದು ಹಲ್ಲು ಉದುರುತ್ತಿತ್ತು. ಈಗ ನೇರ ಮನೆಗೆ ಬಂದು ಹಿತ್ತಲ ಗೋಡೆಗೆ ಗುದ್ದುತ್ತಿದ್ದರು. ಗಾರೆ ಉದುರಿ ಇಟ್ಟಿಗೆ ಕಂಡಿತು. ಬೆರಳ ಗೆಣ್ಣು ಒಡೆದು ರಕ್ತ ಬರುತ್ತಿತ್ತು. ನಾನು ಬಟ್ಟೆ ಸುತ್ತುತ್ತಿದ್ದೆ. ನನ್ನ ಮೇಲೆ ಮಾತ್ರ ಒಂದು ಸಲವೂ ಕೈ ಏಳಲಿಲ್ಲ.

ಐದನೇ ವಾರ ಟ್ಯೂಬನ್ನು ಮೋರಿಗೆ ಎಸೆದರು. ನಾನು ಹುಡುಕಿ ತಂದು ತೊಳೆದು ಇಟ್ಟೆ. ಏಳನೇ ವಾರ ಹೊಸ ಮೊಡವೆ ಬರುವುದು ನಿಂತಿತು. ಒಂಬತ್ತನೇ ವಾರ ಆ ಶುಕ್ರವಾರ.

ಗರಡಿಯಲ್ಲಿ ಪ್ರತಿ ಶನಿವಾರ ಸಾಯಂಕಾಲ ಆಂಜನೇಯನಿಗೆ ಪೂಜೆ. ಪೂಜೆಯಾದ ಮೇಲೆ ಎಲ್ಲರೂ ಹಣೆಗೆ ಒಂದು ಚಿಟಿಕೆ ಕೆಮ್ಮಣ್ಣು ಇಟ್ಟುಕೊಳ್ಳಬೇಕು. ಇವರು ಒಂಬತ್ತು ಶನಿವಾರ ಹೋಗಿರಲಿಲ್ಲ. ಅಂಜಿನಯ್ಯ ಹೆದರಿಬಿಟ್ಟ ಅಂತ ಚನ್ನಕೇಶವ ಸಾರಿಕೊಂಡು ಬಂದಿದ್ದ. ಕುಸ್ತಿ ಕಲಿಸುವ ಉಸ್ತಾದ್ ಬೈರಪ್ಪನವರು ಆ ಶನಿವಾರ ದಾರಿಯಲ್ಲಿ ಸಿಕ್ಕಿ, "ಮುಖ ವಾಸಿಯಾಗೈತಲ್ಲೋ, ಬಾ ಇವತ್ತು," ಅಂದರಂತೆ. ಇವರು ಒಗೆದ ಅಂಗಿ ಹಾಕಿಕೊಂಡು ಹೋದರು. ಪೂಜೆಗಲ್ಲ. ಆ ಮುಖವನ್ನು ನಾಲ್ಕು ಜನಕ್ಕೆ ತೋರಿಸುವ ಆಸೆ. ಹೋಗಬೇಡಿ ಅಂತ ನಾನೂ ಅನ್ನಲಿಲ್ಲ. ನನಗೂ ಆಸೆ ಇತ್ತು.

ಆಮೇಲೆ ಆದದ್ದನ್ನು ಬೈರಪ್ಪನವರು ನನಗೆ ಹೇಳಿದರು, ಕೋರ್ಟಿನಲ್ಲೂ ಹೇಳಿದರು.

ಇವರು ಹಣೆಗೆ ಮಣ್ಣು ಇಟ್ಟುಕೊಳ್ಳಲು ಬಗ್ಗಿದರು. ಚನ್ನಕೇಶವ ಹಿಂದಿನಿಂದ ಬಂದು ಎರಡು ಕೈ ತುಂಬ ಮಣ್ಣು ಬಾಚಿ ಇವರ ಮುಖಕ್ಕೆ ಒತ್ತಿ ತಿಕ್ಕಿದ. "ಹೊಸ ಚರ್ಮ ಬಂದೈತಂತೆ, ನೋಡೋಣ ತಡಿ, ಎಷ್ಟು ಗಟ್ಟಿ ಐತೆ." ಚರ್ಮ ಇನ್ನೂ ಎಳೆಯದು. ಹಾಗೇ ಕಿತ್ತು ಬಂತು. ಇವರು ಅವನನ್ನು ಹಿಡಿದು ನೆಲಕ್ಕೆ ಕೆಡವಿ ಎದೆಯ ಮೇಲೆ ಮಂಡಿ ಊರಿದರು. ಮುಷ್ಟಿ ಕಟ್ಟಿದ್ದರಂತೆ. ಕಟ್ಟಿದ್ದನ್ನು ಬಿಚ್ಚಿದರು. "ನನ್ ಮಗಳು ಸಾಯ್ತಾಳೆ, ಬಿಡು," ಅಂದು ಎದ್ದರು. ಯಾರಿಗೂ ಅರ್ಥವಾಗಲಿಲ್ಲ. ಹುಡುಗರು ನಕ್ಕರು. ಚನ್ನಕೇಶವ ಬಿದ್ದಲ್ಲೇ ಇದ್ದ. ಹೊಡೆಸಿಕೊಂಡಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಹತ್ತು ಜನರ ಮುಂದೆ ಕೆಡವಿ, ಹೊಡೆಯದೆ ಬಿಟ್ಟು ಹೋದದ್ದನ್ನು ತಡೆದುಕೊಳ್ಳಲಾಗಲಿಲ್ಲ.

ಇವರು ಆಚೆ ಬಂದರು. ಗರಡಿ ಗೋಡೆಯ ಪಕ್ಕ ಬೀದಿ ನಲ್ಲಿ. ಡಾಕ್ಟರು ಹೇಳಿದ್ದರಲ್ಲ, ಮಣ್ಣು ಬಿದ್ದರೆ ಕೂಡಲೇ ತೊಳೆಯಿರಿ ಅಂತ. ಬಗ್ಗಿ, ಕಣ್ಣು ಮುಚ್ಚಿ, ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದರು. ಚನ್ನಕೇಶವ ತೋಳಿನ ಕಸರತ್ತಿಗೆ ತಿರುಗಿಸುವ ಮರದ ಗದೆ ಎತ್ತಿಕೊಂಡು ಬಂದ. ಮೊದಲ ಏಟು ಹಿಂದಲೆಗೆ. ಅವರು ನಲ್ಲಿ ಹಿಡಿದುಕೊಂಡು ತಿರುಗಿದರು. ಎರಡನೆಯದು ಕಿವಿಯ ಮೇಲೆ. ಬಿದ್ದ ಮೇಲೆ ಇನ್ನೂ ಮೂರು ಹಾಕಿದ.

ನಾನು ಸೀತಾಳನ್ನು ಸೊಂಟದಲ್ಲಿ ಇಟ್ಟುಕೊಂಡು ಓಡಿದೆ. ನಲ್ಲಿ ಇನ್ನೂ ಸುರಿಯುತ್ತಿತ್ತು. ತಲೆಯ ಎಡಭಾಗ ಒಳಕ್ಕೆ ಹೋಗಿತ್ತು. ಕಿವಿ ಇರಲಿಲ್ಲ. ನೀರು, ಕೆಮ್ಮಣ್ಣು, ರಕ್ತ ಸೇರಿ ಮೋರಿಗೆ ಹರಿಯುತ್ತಿತ್ತು. ಎರಡೂ ಕೈಯ ಮುಷ್ಟಿ ಬಿಚ್ಚಿಕೊಂಡೇ ಇತ್ತು. ಆಸ್ಪತ್ರೆ ತಲುಪುವ ಮೊದಲೇ ಆಟೋದಲ್ಲಿ, ನನ್ನ ತೊಡೆಯ ಮೇಲೆ, ಹೋದರು.

ಅತ್ತೆ ಕ್ರೀಮಿನ ಟ್ಯೂಬನ್ನು ಒಲೆಗೆ ಹಾಕಿದರು. ನನ್ನ ಮಗನನ್ನು ಅದೇ ತಿಂದದ್ದು ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು. ಟ್ಯೂಬು ತನ್ನ ಕೆಲಸ ಮಾಡಿತ್ತು. ಅವರ ಕೈ ಕಟ್ಟಿದವಳು ನಾನು.

ಕೇಸು ಎರಡು ವರ್ಷ ನಡೆಯಿತು. ಶಿಕ್ಷೆ ಹೇಳಿದ ದಿನ ಕೋರ್ಟಿನ ಮೆಟ್ಟಿಲ ಮೇಲೆ ಚನ್ನಕೇಶವನನ್ನು ಇಬ್ಬರು ಪೊಲೀಸರು ಇಳಿಸಿಕೊಂಡು ಬರುತ್ತಿದ್ದರು. ನಾನು ಚಪ್ಪಲಿ ಬಿಚ್ಚಿ ಅವನ ಬಾಯಿಗೆ ಹೊಡೆದೆ, ಆ ಸೊಟ್ಟ ದವಡೆಗೇ ಗುರಿಯಿಟ್ಟು. ಮೂರು ಏಟು ಬಿತ್ತು, ಆಮೇಲೆ ಪೊಲೀಸರು ಎಳೆದರು. ಅವನು ಬೈಯಲಿಲ್ಲ. ತುಟಿಯ ರಕ್ತ ಭುಜಕ್ಕೆ ಒರೆಸಿಕೊಂಡು, "ಅವತ್ತು ನಿನ್ ಗಂಡ ಹಿಂಗೆ ಹೊಡೆದಿದ್ರೆ ಅಲ್ಲಿಗೇ ಮುಗೀತಿತ್ತು ಕಣಮ್ಮ," ಅಂದ. "ಯಾಕೆ ಹೊಡೀಲಿಲ್ಲ ಅವನು?"

ನಾನು ಹೇಳಲಿಲ್ಲ. ಇಲ್ಲಿ ಹೇಳಿದ್ದೇನೆ.

ಸೀತಾಗೆ ಈಗ ಐದು ವರ್ಷ, ಗಟ್ಟಿಯಾಗಿದ್ದಾಳೆ. ಮನೆಯಲ್ಲಿ ಯಾರೂ ಯಾರಿಗೂ ಹೊಡೆಯುವುದಿಲ್ಲ.

ನಮ್ಮ ಬೀದಿಗೆ ನೀರು ಬೆಳಿಗ್ಗೆ ಐದೂವರೆಗೆ ಒಂದು ಸಲ, ಸಾಯಂಕಾಲ ಒಂದು ಸಲ ಬಿಡುತ್ತಾರೆ. ಇರುವುದು ಆ ಒಂದೇ ನಲ್ಲಿ. ಕೆಳಗಿನ ಕಲ್ಲನ್ನು ಮೊದಲು ಪೊರಕೆಯಲ್ಲಿ ತಿಕ್ಕಿ ತೊಳೆದು ಬಿಂದಿಗೆ ಇಡುತ್ತೇನೆ. ಮೊದಲ ಆರು ತಿಂಗಳು ಹೆಂಗಸರು ನನ್ನನ್ನು ಮುಂದಕ್ಕೆ ಬಿಡುತ್ತಿದ್ದರು. ಈಗ ಬಿಡುವುದಿಲ್ಲ, ಸಾಲಿನಲ್ಲಿ ನಿಲ್ಲುತ್ತೇನೆ. ಎರಡು ಬಿಂದಿಗೆ ತುಂಬಿಸಿ ತರುತ್ತೇನೆ, ಒಂದು ತಲೆ ಮೇಲೆ, ಒಂದು ಸೊಂಟಕ್ಕೆ.