ದರ್ಜಿ ಕಾರು ಕೊಂಡದ್ದು

ನಾನು ಬುರುಡೆ ಬಿಡುತ್ತಿದ್ದೇನೆ ಅಂತೀರಾ? ನಮ್ಮ ಬೀದಿಯ ದರ್ಜಿ ಹನ್ನೊಂದು ವರ್ಷದಿಂದ ಸಣ್ಣ ಕಾರು ಕೊಳ್ಳುತ್ತಲೇ ಇದ್ದ. ಕೊರಳಿಗೆ ಟೇಪು ಹಾಕಿಕೊಂಡು ಅವನು ಶೋರೂಮಿನ ಬಾಗಿಲಿಗೆ ಬಂದರೆ ಸಾಕು, ಮಾರುವವರೆಲ್ಲ ಕಾರಿನಡಿಗೆ ನುಸುಳುತ್ತಿದ್ದರು. ಹೊಸ ಮಾಡೆಲಿನ ಸುತ್ತ ಮೂರು ಸುತ್ತು ಬಂದು, "ಮೈಕಟ್ಟೇನೋ ಚೆನ್ನಾಗಿದೆ, ಹೆಗಲು ಸ್ವಲ್ಪ ಬಿಗಿಯಾಯ್ತು" ಅನ್ನುತ್ತಿದ್ದ. ಓಡಿಸಿ ನೋಡಿ, "ತವರಿಗೆ ಹೊರಟವಳ ಹಾಗೆ ಏರು ಹತ್ತುತ್ತೆ ಬಿಡಿ. ಆದ್ರೆ ಲೀಟರಿಗೆ ಇಪ್ಪತ್ತೈದು ಕಿಲೋಮೀಟರ್ ಅಂದ್ರಲ್ಲ, ಅದು ಇಳಿಜಾರಿನ ಲೆಕ್ಕವೇನ್ರೀ?" ಅನ್ನುತ್ತಿದ್ದ. ಅವನ ಪ್ರಶ್ನೆ ಮುಗಿಯುವಷ್ಟರಲ್ಲಿ ಆ ಮಾಡೆಲೇ ಹಳೆಯದಾಗಿರುತ್ತಿತ್ತು. ಕೊನೆಗೆ ಹಿಂದಿನ ಬಾಗಿಲು ತೆಗೆದು, ನೆಲದಿಂದ ಸೀಟಿನವರೆಗೆ ಸದ್ದಿಲ್ಲದೆ ಟೇಪು ಹಿಡಿಯುತ್ತಿದ್ದ. ಸೀಟು ಇಪ್ಪತ್ತೊಂದು ಇಂಚಿಗಿಂತ ತಗ್ಗಿದ್ದರೆ, ಮೊಣಕಾಲು ನೋವಿನ ಅವನ ಹೆಂಡತಿ ಇನ್ನೊಬ್ಬರ ಕೈ ಹಿಡಿಯದೆ ಏಳಲಾರಳು. ಕಾರು ಮಾಡುವವರೋ, ಅಂದಕ್ಕೆಂದು ಪ್ರತಿ ಸಲವೂ ಸೀಟು ತಗ್ಗಿಸುತ್ತಿದ್ದರು. ಮೊನ್ನೆ ಮಾತ್ರ ಅಳೆದವನೇ ಟೇಪು ಸುತ್ತಿ ಜೇಬಿಗಿಟ್ಟು, "ಬಣ್ಣ ಯಾವ್ಯಾವ್ದಿದೆ?" ಅಂದನಂತೆ. "ನಿಜವಾಗ್ಲೂನಾ ಸಾರ್?" ಅಂತ ಮಾರುವವನು ಕಾರಿನಡಿಯಿಂದಲೇ ಕೇಳಿದ. ಅವನ ಜೊತೆ ಬಂದು ಹಿಂದಿನ ಸೀಟಿನಲ್ಲಿ ಕೂತಿದ್ದ ಹೆಂಡತಿ ಯಾರ ಕೈಯನ್ನೂ ಹಿಡಿಯದೆ ಎದ್ದು ಇಳಿದು ಬಂದು, "ನೀಲಿ" ಅಂದಳು. ನಂಬಿಕೆಯಿಲ್ಲದಿದ್ದರೆ ಎದುರಿಗಿರುವ ಅವನ ಮನೆ ಬಾಗಿಲಲ್ಲೇ ಕಾರು ನಿಂತಿದೆ, ಹೋಗಿ... "ರೀ, ಕಾರು ಬಿಟ್ಟದ್ದು ಸಾಕು, ಊಟ ಆರ್ತಿದೆ!" ಒಳಗಿಂದ ನನ್ನವಳು ಕೂಗುತ್ತಿದ್ದಾಳೆ. ಬಂದೆ ಕಣೇ!